ಹಪ್ಪಳದ ಪಕ್ಕದ ಬಾಟ್ಲಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ ಇದೆ. ಮಾರ್ಚ್ ಬಂತೆಂದರೆ ಅದು ಪಕ್ಕದ ಮನೆ ಅಜ್ಜಿಯ ವಶ. ಮೊರಗಳು ಸಾಲಾಗಿ ಕೂರುತ್ತವೆ: ಹಪ್ಪಳ, ಅರಳು ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಮೊನ್ನೆ ಅಲ್ಲೊಂದು ಗೇಣು ಜಾಗ ಒತ್ತುವರಿ ಮಾಡಿಕೊಂಡು ನಾನು ನೀರು ತುಂಬಿದ ಪ್ಲಾಸ್ಟಿಕ್ ಬಾಟ್ಲಿಯೊಂದನ್ನು ಅಡ್ಡ ಮಲಗಿಸಿದ್ದೆ.

"ಏನೋ ಇದು, ನೀರನ್ನೂ ಒಣಗಿಸ್ತೀಯಾ?"

"ಇಲ್ಲ ಅಜ್ಜಿ, ಕ್ರಿಮಿ ಸಾಯಿಸ್ತಿದ್ದೀನಿ."

"ಮನೇಲಿ ಗ್ಯಾಸ್ ಮುಗೀತಾ?"

ಗ್ಯಾಸ್ ಮುಗಿದಿರಲಿಲ್ಲ, ಕುತೂಹಲವಷ್ಟೆ. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಅಫ್ತಿಮ್ ಆಕ್ರಾ ಎಂಬ ಪ್ರಾಧ್ಯಾಪಕರಿದ್ದರು. ಭೇದಿ ಹತ್ತಿದ ಮಕ್ಕಳಿಗೆ ಉಪ್ಪು-ಸಕ್ಕರೆ ನೀರು ಕುಡಿಸಬೇಕು, ಸರಿ. ಆದರೆ ಅದನ್ನು ಕದಡುವುದಕ್ಕೇ ಶುದ್ಧ ನೀರಿಲ್ಲದ ಊರಲ್ಲಿ ಏನು ಮಾಡೋದು? ಪಾರದರ್ಶಕ ಪಾತ್ರೆಯಲ್ಲಿ ತುಂಬಿ ಬಿಸಿಲಿಗಿಡಿ, ಸೂರ್ಯನೇ ನೋಡಿಕೊಳ್ಳುತ್ತಾನೆ ಅಂತ 1980ರಲ್ಲಿ ಅವರು ಬರೆದರು. 1991ರಿಂದ ಸ್ವಿಟ್ಜರ್ಲೆಂಡಿನ ಜಲಸಂಶೋಧನಾ ಸಂಸ್ಥೆಯವರು ಅದರ ಬೆನ್ನು ಹತ್ತಿ ಲೆಕ್ಕ ಕಟ್ಟಿದರು. ಒಳ್ಳೆ ಬಿಸಿಲಾದರೆ 6 ಗಂಟೆ, ಮೋಡವಿದ್ದರೆ 2 ದಿನ. ಕೊಲ್ಲೋದು ಬರೀ ಶಾಖವಲ್ಲ, ಬಿಸಿಲಿನೊಳಗೆ ಅಡಗಿರುವ ನೇರಳಾತೀತ ಕಿರಣ. ನೀರು 50 ಡಿಗ್ರಿ ಮುಟ್ಟಿದರೆ ಎರಡೂ ಸೇರಿ ಒಂದೇ ಗಂಟೆಯಲ್ಲಿ ಕೆಲಸ ಮುಗಿಸುತ್ತವೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಪೇಪರ್ ಪರೀಕ್ಷೆ. ನೀರು ಬಗ್ಗಡವಾಗಿದ್ದರೆ ಕಿರಣ ಒಳಗಿಳಿಯೋದಿಲ್ಲ. ಅದಕ್ಕೇ ತುಂಬಿದ ಬಾಟ್ಲಿಯನ್ನು ದಿನಪತ್ರಿಕೆಯ ತಲೆಬರಹದ ಮೇಲೆ ನೆಟ್ಟಗೆ ನಿಲ್ಲಿಸಿ, ಬಾಯಿಂದ ಇಣುಕಿ ನೋಡಬೇಕು. ಅಕ್ಷರ ಓದಲು ಬಂದರೆ ಬಿಸಿಲಿಗೆ ಇಡಬಹುದು, ಇಲ್ಲವಾದರೆ ಮೊದಲು ಸೋಸಬೇಕು. ಅಜ್ಜಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಇಣುಕಿ, "ಇವರದ್ದೇ ಮಂತ್ರಿಮಂಡಲ, ಇವರದ್ದೇ ಜಗಳ" ಅಂದರು. ನೀರು ಪಾಸು.

ಆದರೆ ಅಜ್ಜಿಯನ್ನು ಅಷ್ಟಕ್ಕೇ ಒಪ್ಪಿಸಲಾಗುವುದಿಲ್ಲ. "ಕ್ರಿಮಿ ಸತ್ತಿತು ಅನ್ನು. ಬಣ್ಣ ಗಿಣ್ಣ, ಔಷಧಿ ಗಿವ್ಷಧಿ ಕರಗಿದ್ರೆ?"

ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಕ್ರಿಮಿಗೆ ಜೀವವಿದೆ, ಅದಕ್ಕೇ ಸಾಯುತ್ತದೆ. ಸೀರೆಯ ಬಣ್ಣಕ್ಕೆ, ನೋವಿನ ಮಾತ್ರೆಗೆ ಸಾಯಲು ಜೀವವೇ ಇಲ್ಲ. ಅವನ್ನು ಒಡೆಯಬೇಕು. ಅಲ್ಲಿ ಬರೋದು ಓಜೋನ್.

"ಆಕಾಶದಲ್ಲಿ ತೂತಾಗಿತ್ತಲ್ಲ, ಅದಾ?"

ಅದೇ. ಎರಡಿರಬೇಕಾದ ಆಮ್ಲಜನಕದ ಪರಮಾಣು ಮೂರಾಗಿ, ನೆಮ್ಮದಿಯಿಲ್ಲದೆ ಸಿಕ್ಕಿದ್ದಕ್ಕೆಲ್ಲ ಮೈಮೇಲೆ ಬೀಳುವ ಅನಿಲ. ಹಳೇ ಜೆರಾಕ್ಸ್ ಅಂಗಡಿಗೆ ಹೋದಾಗ ಮೂಗಿಗೆ ಚುಚ್ಚುವ ವಾಸನೆ ಬರುತ್ತಿತ್ತಲ್ಲ, ಅದು ಇದರದ್ದೇ. ಬಾಸೆಲ್ ನಗರದ ಷೋನ್‌ಬೈನ್ 1840ರಲ್ಲಿ ಇದಕ್ಕೆ ಹೆಸರಿಟ್ಟಿದ್ದೂ ಮೂಗನ್ನು ನಂಬಿಯೇ. ಓಜೋನ್ ಅಂದರೆ ಗ್ರೀಕಿನಲ್ಲಿ ವಾಸನೆ ಬೀರುವುದು ಅಂತ. ಫ್ರಾನ್ಸಿನ ನೀಸ್ ಪಟ್ಟಣ 1906ರಿಂದಲೇ ಕುಡಿಯುವ ನೀರಿಗೆ ಇದನ್ನು ಹಾಯಿಸುತ್ತಿತ್ತು. ನಮ್ಮ ಮದುವೆ ಮನೆಗಳಲ್ಲಿ ಹಂಚುವ ನೀರಿನ ಬಾಟ್ಲಿಗಳ ಚೀಟಿಯ ಮೇಲೂ ಇದರ ಹೆಸರು ಕಾಣುತ್ತದೆ. ಸಿಲಿಂಡರಿನಲ್ಲಿ ತುಂಬಿ ತರುವ ಹಾಗಿಲ್ಲ. ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಕರಗಿ ಮಾಯವಾಗುವ ಜಾತಿ, ಬೇಕಾದಲ್ಲೇ ಕರೆಂಟು ಸುಟ್ಟು ಹುಟ್ಟಿಸಬೇಕು. ನೀರಿನಲ್ಲಿ ಬ್ರೋಮೈಡ್ ಇದ್ದರೆ ಅದನ್ನು ಬ್ರೋಮೇಟ್ ಎಂಬ ಕೆಟ್ಟ ವಸ್ತು ಮಾಡುತ್ತದೆ, ಹಾಗಾಗಿ ಹೆಚ್ಚು ಸುರಿಯುವಂತೆಯೂ ಇಲ್ಲ.

ಬಣ್ಣದ ನೀರಿಗೆ ಓಜೋನ್ ಬಿಟ್ಟರೆ ನೋಡನೋಡುತ್ತಲೇ ತಿಳಿಯಾಗುತ್ತದೆ. ನೋಡುವವರಿಗೆ ಜಾದೂ. ಆದರೆ ಬಣ್ಣ ಹೋಯಿತೆಂದರೆ ವಸ್ತು ಹೋಯಿತು ಅಂತಲ್ಲ. ದೊಡ್ಡ ಅಣು ಚೂರಾಗಿ ಆಕ್ಸಾಲಿಕ್ ಆಮ್ಲದಂಥ ತುಣುಕುಗಳು ಉಳಿಯುತ್ತವೆ, ಆ ತುಣುಕುಗಳಿಗೆ ಓಜೋನ್ ಕ್ಯಾರೇ ಅನ್ನೋದಿಲ್ಲ.

"ಕಾಯಿ ಒಡೆದ್ರೆ ಚಟ್ನಿ ಆಯ್ತಾ? ರುಬ್ಬಬೇಡ್ವಾ?" ಅಂದರು ಅಜ್ಜಿ.

ಹತ್ತು ಪುಟ ಓದಿ ನಾನು ತಿಳಿದದ್ದನ್ನು ಹಪ್ಪಳ ಮಗುಚುತ್ತಾ ಹೇಳಿಬಿಟ್ಟರು. ರುಬ್ಬುವ ಕೆಲಸಕ್ಕೇ ಬಿಸಿಲು ಬೇಕಾಗಿರೋದು. ಸ್ಪೇನಿನ ಅಲ್ಮೇರಿಯಾ ಹತ್ತಿರ ತಬೇರ್ನಾಸ್ ಅನ್ನುವ ಮರುಭೂಮಿಯಲ್ಲಿ, ಬಿಸಿಲಿನಿಂದ ನೀರು ತೊಳೆಯುವುದನ್ನೇ ದಶಕಗಳಿಂದ ಪರೀಕ್ಷಿಸುತ್ತಿದ್ದಾರೆ. ಹೊಳೆಯುವ ಅಲ್ಯೂಮಿನಿಯಂ ತಗಡನ್ನು ದೋಣಿಯಂತೆ ಬಗ್ಗಿಸಿ, ನಡುವೆ ಗಾಜಿನ ಕೊಳವೆ ಹಾಯಿಸಿ, ಅದರೊಳಗೆ ಕೊಳೆನೀರು ಹರಿಸುತ್ತಾರೆ. ನೀರಿನಲ್ಲಿ ಟೈಟೇನಿಯಂ ಡೈಆಕ್ಸೈಡ್ ಪುಡಿ. ಗೋಡೆಗೆ ಬಳಿಯುವ ಬಿಳಿ ಪೇಂಟಿನ ಬಿಳುಪು ಅದರದ್ದೇ. ಬಿಸಿಲು ಬಿದ್ದರೆ ಆ ಪುಡಿಯಲ್ಲಿ ಎಲೆಕ್ಟ್ರಾನು ಸಡಿಲವಾಗುತ್ತದೆ. ಪಕ್ಕದಲ್ಲಿ ಓಜೋನ್ ಇದ್ದರೆ ಅದು ಗಬಕ್ಕನೆ ಹಿಡಿದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದಕ್ಕೆ ಹಿರಿಯರು ಕಿರಿಯರು ಅನ್ನುವ ಭೇದವಿಲ್ಲ, ತುಣುಕನ್ನೂ ಅರೆದು ಹಾಕುತ್ತದೆ. ಪುಡಿಯ ಬದಲು ಚೂರು ಕಬ್ಬಿಣವಿದ್ದರೆ ಇನ್ನೂ ತಮಾಷೆ: ಓಜೋನ್ ಬಿಟ್ಟುಹೋದ ಆಕ್ಸಾಲಿಕ್ ಆಮ್ಲ ಆ ಕಬ್ಬಿಣವನ್ನು ತಬ್ಬಿಕೊಳ್ಳುತ್ತದೆ, ಆ ಜೋಡಿ ಬಿಸಿಲಿನಲ್ಲಿ ಒಡೆದುಹೋಗುತ್ತದೆ. ಎಂಜಲೇ ಸೌದೆಯಾದ ಹಾಗೆ. ನೇರಳಾತೀತ ದೀಪ ಉರಿಸುವ ಕರೆಂಟು ಉಳಿತಾಯ.

"ರಾತ್ರಿ?" ಅಂದರು ಅಜ್ಜಿ.

ರಾತ್ರಿ ಬರೀ ಓಜೋನ್. ಒಡೆಯಬಹುದು, ರುಬ್ಬಲಾಗದು. ಟೈಟೇನಿಯಂ ಪುಡಿಗೆ ದಕ್ಕುವ ನೇರಳಾತೀತ ಬೆಳಕು ಹಗಲಿನ ಬಿಸಿಲಿನಲ್ಲೂ ನೂರಕ್ಕೆ ಐದರಷ್ಟೂ ಸಿಗೋದು ಕಷ್ಟ. ಕೆಲಸ ಮುಗಿದ ಮೇಲೆ ಆ ಪುಡಿಯನ್ನು ನೀರಿನಿಂದ ಸೋಸಿ ತೆಗೆಯೋದು ಬೇರೆ ತಲೆನೋವು. ಬಿಸಿಲಿಗೇನೂ ಬರವಿಲ್ಲದ ನಮ್ಮ ರಾಯಚೂರಿನಲ್ಲಿ ಇಂಥದ್ದೊಂದು ಕೂರಿಸಿ ನೋಡಬಾರದೇ ಅಂತ ನನಗಂತೂ ಆಸೆ. ಬಿಸಿಲು ಅಷ್ಟಿಲ್ಲದ ಸ್ವಿಟ್ಜರ್ಲೆಂಡು 2016ರ ಕಾನೂನಿನಿಂದ, ಆಯ್ದ ದೊಡ್ಡ ಚರಂಡಿನೀರಿನ ಘಟಕಗಳಲ್ಲಿ ಓಜೋನನ್ನೋ ಇದ್ದಿಲನ್ನೋ ಬಳಸಿ ಔಷಧಿಗಳ ಅಂಶ ತೆಗೆಯಲು ಶುರು ಮಾಡಿದೆ. ಅವರ ಪಟ್ಟಿಯಲ್ಲಿ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದೂ ಇದೆ. ದನಗಳಿಗೆ ಕೊಟ್ಟ ಅದೇ ಮದ್ದು, ಸತ್ತ ದನ ತಿಂದ ನಮ್ಮ ರಣಹದ್ದುಗಳನ್ನು ಬಹುಪಾಲು ಮುಗಿಸಿತ್ತು. ಪಶುಗಳಿಗೆ ಅದನ್ನು 2006ರಲ್ಲಿ ನಿಷೇಧಿಸಿದರು.

"ಡೈಕ್ಲೋ... ಏನಂದೆ?"

ಅಜ್ಜಿ ಒಳಗೆ ಹೋಗಿ, ಹಿಂಡಿ ಹಿಂಡಿ ಚಪ್ಪಟೆಯಾಗಿದ್ದ ಮುಲಾಮಿನ ಟ್ಯೂಬು ತಂದು ಗೋಡೆಯ ಮೇಲಿಟ್ಟರು. ಅದರ ಮೇಲೆ ಅದೇ ಹೆಸರು. ದಿನಾ ಎರಡು ಹೊತ್ತು ಮಂಡಿಗೆ. ಹಚ್ಚಿದ್ದರಲ್ಲಿ ಮೈಯೊಳಗೆ ಇಳಿಯೋದು ನೂರಕ್ಕೆ ಆರರ ಆಸುಪಾಸು ಅಂದೆ. ಮಿಕ್ಕದ್ದು ಬಟ್ಟೆಗೆ, ಕೈಗೆ, ಸ್ನಾನದ ನೀರಿನ ಜೊತೆ ಮೋರಿಗೆ.

"ಅಯ್ಯೋ, ದುಡ್ಡು ಕೊಟ್ಟು ತಂದಿದ್ದು!"

ಆವತ್ತು ಸಂಜೆ ಗೋಡೆಯ ಹತ್ತಿರ ಹೋದರೆ ಹಪ್ಪಳ ಎತ್ತಿಟ್ಟಾಗಿತ್ತು, ಬಾಟ್ಲಿ ಬಿಸಿಯಾಗಿಯೇ ಇತ್ತು. ಬೆಳಿಗ್ಗಿನ ಪೇಪರನ್ನು ಅಜ್ಜಿ ಹರಿದು, ಕೈ ತೊಳೆಯುವ ಮೊದಲು ಬೆರಳಿಗಂಟಿದ ಮುಲಾಮನ್ನು ಅದಕ್ಕೆ ಒರೆಸುತ್ತಿದ್ದರು. ಮಂತ್ರಿಮಂಡಲದ ತಲೆಬರಹ ಎಣ್ಣೆ ಹಿಡಿದು ಆರಪಾರ ಕಾಣುತ್ತಿತ್ತು.