ಕೊಟ್ಟಿಗೆಯ ಯೆಜ್ಡಿಗೆ ಎಷ್ಟು?

ಉಮ್ಮಚಗಿಯಲ್ಲಿ ಅಡಿಕೆ ದರ ಹೇಳಲು ಎಲ್ಲರೂ ತಯಾರು. ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತ ಭಾವನ ಯೆಜ್ಡಿ ಬೈಕಿನ ದರ ಹೇಳಲು ಇನ್ನೂ ತಯಾರು. ಗುಜರಿಯವನದು ಕೇಜಿ ಲೆಕ್ಕ, ಬೆಂಗಳೂರಿನ ಅಳಿಯನದು ಲಕ್ಷದ ಲೆಕ್ಕ. ಅಕ್ಕನದು ಮಾತ್ರ ಸೌದೆ ಒಟ್ಟುವ ಜಾಗದ ಲೆಕ್ಕ.

ಯೆಜ್ಡಿ ಹುಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಇನ್ನು ಹುಟ್ಟುವುದಿಲ್ಲ ಎಂದ ಮೇಲೆ ಗಾಡಿಗೆ ಗತ್ತು ಬಂತು.

ಮಾರುವ ಮುಂಚೆ ಭಾವ ಕೆಂಪು ಪೇಂಟಿನ ಡಬ್ಬಿ ತಂದಿದ್ದ. "ಹೊಡಿಯಡ ಭಾವ!" ಎಂದು ಕೈ ಹಿಡಿದೆ. ಹಳೇ ಗಾಡಿಯ ಹುಚ್ಚರಿಗೆ ಕಂಪನಿಯ ಬಣ್ಣ ಮಾಸಿದ್ದರೂ ಚೆಂದ. ಹೊಸ ಬಣ್ಣ ಕಂಡರೆ ಅದರಡಿ ಏನು ಮುಚ್ಚಿಟ್ಟಿದ್ದಾರೋ ಎಂಬ ಗುಮಾನಿ. ಟ್ಯಾಂಕಿಗೆ ಟಾರ್ಚ್ ಬಿಟ್ಟೆವು: ತುಕ್ಕು. ಕಿಕ್ ತುಳಿದರೆ ಇಳಿಯಿತು, ಎಂಜಿನ್ ಹಿಡಿದಿಲ್ಲ. ಅದೇ ಕಿಕ್ ಮಡಚಿದರೆ ಗೇರ್ ಎಂದು ಈಗಿನ ಹುಡುಗರಿಗೆ ನಂಬಿಸುವುದೇ ಕಷ್ಟ. ಪಹಣಿ ಕಟ್ಟಿನೊಳಗೆ ಆರ್‌ಸಿಯೂ ಸಿಕ್ಕಿತು. ಎಂಜಿನ್, ಚಾಸಿ ನಂಬರು ಎರಡೂ ತಾಳೆ! ಭಾವ ಆ ಕ್ಷಣವೇ ದರ ಏರಿಸಿದ.

ಗಿರಾಕಿ ಬಂದು ಸುತ್ತು ಹಾಕಿದ. "ಜೋಡಿ ಸೈಲೆನ್ಸರಲ್ವಾ, ಇನ್ನೊಂದೆಲ್ಲಿ?"

ಅದು ಬಚ್ಚಲೊಲೆಯ ಹೊಗೆಕೊಳವೆಯಾಗಿ ಇನ್ನೂ ಡ್ಯೂಟಿಯಲ್ಲಿತ್ತು.