ಸಾವಕಾರ್ರ ಹಮಾಲಿ ಖಾತೆ

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರರಲ್ಲಿ ಯಾವ ಊರಿನ ಅಡತಿ ಅಂಗಡಿಗೆ ಹೋದರೂ ಈ ಸಾವಕಾರ್ರು ಸಿಗುತ್ತಾರೆ. ಗಾದಿಯ ಮೇಲೆ ಕುಂತಿರುತ್ತಾರೆ, ಹಿಂದೆ ತೊಗರಿ ಚೀಲ. ಮಗ ಪಿಡಬ್ಲ್ಯೂಡಿ ಕಾಂಟ್ರ್ಯಾಕ್ಟರು, ಅಳಿಯನದು ಬಾರಿನ ಲೈಸೆನ್ಸು. ಇಷ್ಟೆಲ್ಲ ಇದ್ದವರಿಗೆ ಒಂದೇ ಪಕ್ಷ ಸಾಲುವುದಿಲ್ಲ.

ಎಲೆಕ್ಷನ್ ಬಂತೆಂದರೆ ಯಾವ ಬಣ್ಣದ ಶಾಲಿನವರು ಮೆಟ್ಟಿಲು ಹತ್ತಿದರೂ, "ಬರ್ರಿ ಬರ್ರಿ, ನಿಮ್ದೇ ಹಾದಿ ಕಾಯ್ಲತ್ತಿದ್ದೆ" ಎನ್ನುತ್ತಾರೆ. ಕೊಟ್ಟ ರೊಕ್ಕಕ್ಕೆ ವಹಿಯಲ್ಲಿ ಹೆಸರಿಲ್ಲ, ಪಕ್ಷವಿಲ್ಲ. ಎಲ್ಲವೂ ಹಮಾಲಿ ಖರ್ಚು. "ಎತ್ತೋದು, ಇಳಸೋದು, ಎರಡೂ ಅದರಾಗೇ ಬರ್ತದಲ್ರೀ?"

ಎಲ್ಲರಿಗೂ ಯಾಕೆ ಕೊಡುತ್ತೀರಿ ಎಂದು ಕೇಳಿದರೆ ಚಹಾ ತರಿಸಿ ಪಾಠ ಶುರು ಮಾಡುತ್ತಾರೆ. "ಜೇವರ್ಗಿಯೊಳಗ 2008ರಾಗ ಏನಾತು? ಮುಖ್ಯಮಂತ್ರಿ ಆಗಿದ್ದ ಧರ್ಮಸಿಂಗ್ ಸಾಹೇಬ್ರು 70 ಓಟಿಗೆ ಸೋತ್ರು. ಎಪ್ಪತ್ತು! ನಮ್ಮನಿ ಲಗ್ನಕ್ಕ ಅಷ್ಟು ಮಂದಿ ಬರೇ ಬೀಗರೇ ಬರ್ತಾರ. ಆಳಂದದಾಗ 2018ರಾಗ 697. ಇಂಥಾ ಸೀಮ್ಯಾಗ ಒಬ್ಬನ್ನೇ ನಂಬಿ ಕುಂಡ್ರಲಾಕ ನಾ ಏನ್ ಕಾರ್ಯಕರ್ತ ಇದ್ದೀನೇನು?"

2018ರಲ್ಲಿ ಅಫಜಲಪುರದ ಮಾಲೀಕಯ್ಯ ಗುತ್ತೇದಾರರು ಕಾಂಗ್ರೆಸ್ ಬಿಟ್ಟು ಬಿಜೆಪಿಗೆ, ಎಂ.ವೈ. ಪಾಟೀಲರು ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋದಾಗ ಕಾರ್ಯಕರ್ತರು ಬಾವುಟ ಹುಡುಕುತ್ತ ಒದ್ದಾಡಿದರು. ಸಾವಕಾರ್ರು ಮಧ್ಯಾಹ್ನದ ನಿದ್ದೆ ಬಿಡಲಿಲ್ಲ.

ಕಾನೂನಿನ ಭಯ ಅವರಿಗೆ ಇಲ್ಲವೆಂದಲ್ಲ. 2023ರಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಚಹಾ, ಕುರ್ಚಿ, ಶಾಮಿಯಾನಕ್ಕೂ ದರಪಟ್ಟಿ. 50 ಸಾವಿರ ಮೀರಿ ರೊಕ್ಕ ಒಯ್ದರೆ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಬೇಕು. ಇದಕ್ಕೆಲ್ಲ ಅವರ ಉತ್ತರ ಮೊಮ್ಮಗನ ಜವಳ. ಹೋಳಿಗೆ, ಎಣ್ಣೆಗಾಯಿ, ಮಿರ್ಚಿ ಭಜಿ, ಮೂರು ಸಾವಿರ ಎಲೆ. ಹನ್ನೊಂದಕ್ಕೆ ಒಬ್ಬ ಅಭ್ಯರ್ಥಿ "ಹೀಂಗ ಹಾದು ಹೊಂಟಿದ್ದೆ" ಎಂದು ಬರುತ್ತಾರೆ, ಒಂದಕ್ಕೆ ಇನ್ನೊಬ್ಬರು, ಸಂಜೆಗೆ ಪಕ್ಷೇತರರು. ಕ್ಯಾಮೆರಾ ಹಿಡಿದ ಫ್ಲೈಯಿಂಗ್ ಸ್ಕ್ವಾಡಿನವರಿಗೆ ಸಾವಕಾರ್ರೇ ಕೂಸಿನ ಬೋಳುತಲೆ ತೋರಿಸುತ್ತಾರೆ. ಇದೇ ಕೂಸಿನ ಜವಳ ಹಿಂದಿನ ಎಲೆಕ್ಷನ್ನಿನಲ್ಲೂ ಆಗಿತ್ತೆಂದು ಹೇಳುವವರಿಲ್ಲ. ಅಧಿಕಾರಿ ಪರಜಿಲ್ಲೆಯವರು, ಊರವರ ಬಾಯಲ್ಲಿ ಹೋಳಿಗೆ. ಆ ಹುಡುಗ ಈಗ ಎರಡನೆತ್ತೆ. "ಅಜ್ಜಾ, ಜಿಲ್ಲಾ ಪಂಚಾಯ್ತಿಗೂ ಬೋಳಸ್ತೀಯೇನು?" ಎಂದು ಕೇಳಿ ಬೈಸಿಕೊಂಡನಂತೆ.

ಎಣಿಕೆಯ ಹಿಂದಿನ ದಿನವೇ ಅಭಿನಂದನೆಯ ಫ್ಲೆಕ್ಸ್ ತಯಾರಾಗಿರುತ್ತದೆ. ಸಾವಕಾರ್ರ ಫೋಟೊ ದೊಡ್ಡದು. ಗೆದ್ದವರ ಜಾಗ ಖಾಲಿ. ಮಧ್ಯಾಹ್ನ ಒಂದು ಮುಖ ಅಂಟಿಸಿದರೆ ಆಯಿತು.

ಸಂಜೆ ಸೋತವರ ಮನೆಗೂ ಹೋಗುತ್ತಾರೆ, ಅದೇ ಥಾನಿನ ಶಾಲು ಹಿಡಿದು. "ಮನಸಿಗೆ ಹಚ್ಗೋಬ್ಯಾಡ್ರಿ, ಮುಂದಿನ ಸಲ ನಿಮ್ದೇ." ಆಳಂದದಲ್ಲಿ ಈ ಮಾತು ಸುಳ್ಳಾಗಿಲ್ಲ: 2008ರಲ್ಲಿ ಸುಭಾಷ ಗುತ್ತೇದಾರ, 2013ರಲ್ಲಿ ಬಿ.ಆರ್. ಪಾಟೀಲ, 2018ರಲ್ಲಿ ಮತ್ತೆ ಗುತ್ತೇದಾರ, 2023ರಲ್ಲಿ ಮತ್ತೆ ಪಾಟೀಲ. ಜೇವರ್ಗಿಯಲ್ಲಿ ಮಾತ್ರ 2013ರಿಂದ ಮೂರು ಸಲವೂ ಅಜಯಸಿಂಗರೇ ಗೆದ್ದಿದ್ದಾರೆ. ಅಲ್ಲಿಯ ಸಾವಕಾರ್ರಿಗೆ ಶಾಲಿನ ಖರ್ಚು ಮೈಮೇಲೆ ಬಂದಿದೆ. ಅದನ್ನೂ ಹಮಾಲಿಯಲ್ಲೇ ಬರೆದಿದ್ದಾರೆ.