ಚುಕ್ಕೆ ಎಣಿಸುವ ಪುಣ್ಯಾತ್ಮರು

ಹಳೆಯ ಬೆಳ್ಳಿ ರೂಪಾಯಿಯನ್ನು ಅಕ್ಕಸಾಲಿಗರ ಮುಂದಿಟ್ಟರೆ ಒರೆಗೆ ಹಚ್ಚಿ, ತಕ್ಕಡಿಗೆ ಹಾಕಿ, ‘ಒಂದು ತೊಲ’ ಎಂದು ಮಾತು ಮುಗಿಸುತ್ತಾರೆ. ಎಂಥ ಒರಟು ಜನ! ಅದನ್ನೇ ಅಚ್ಚಿನ ವ್ಯತ್ಯಾಸ ಹುಡುಕುವ ಸಂಗ್ರಾಹಕರ ಕೈಗೆ ಕೊಟ್ಟು ನೋಡಿ. ಮೈಗೆ ಬೆರಳು ಸೋಕದಂತೆ ಅಂಚು ಹಿಡಿದು ಎತ್ತುತ್ತಾರೆ. ಭೂತಕನ್ನಡಿ ಕಣ್ಣಿಗೇರುತ್ತದೆ. ಮನೆಯವರು ಊಟಕ್ಕೆ ಕರೆಯುವುದು ಆಮೇಲೆ ಅವರಿಗೆ ಕೇಳಿಸುವುದಿಲ್ಲ. ವಿಕ್ಟೋರಿಯಾ ರಾಣಿಯ ಮುಖದ ಗೊಡವೆ ಅವರಿಗಿಲ್ಲ. ಆಕೆಯ ಉಡುಪಿನ ಎದೆಭಾಗದ ಹೂಬಳ್ಳಿ ಯಾವ ಮಾದರಿಯದು ಎಂಬುದಷ್ಟೇ ಚಿಂತೆ.

1862ರ ರೂಪಾಯಿ 1862ರಲ್ಲೇ ಅಚ್ಚಾದದ್ದು ಎಂದು ನೀವು ನಂಬಿದ್ದರೆ ನಿಮ್ಮ ಮುಗ್ಧತೆಗೆ ನಮಸ್ಕಾರ. 1874ರಲ್ಲಿ ಹೊಸ ಇಸವಿ ಬರುವತನಕ ಟಂಕಸಾಲೆಗಳು ಅದೇ ಇಸವಿಯನ್ನು ಒತ್ತುತ್ತಾ ಬಂದವು. ಯಾವುದು ಯಾವ ವರ್ಷದ್ದೆಂದು ತಿಳಿಯಲು ಬೊಂಬಾಯಿಯವರು ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳನ್ನಿಟ್ಟರು. ತಮ್ಮ ಲೆಕ್ಕಕ್ಕೆಂದು ಇಟ್ಟ ಈ ಗುರುತು ನೂರೈವತ್ತು ವರ್ಷದ ಮೇಲೆ ಸಂಸಾರಗಳಲ್ಲಿ ಮಾತು ಬಿಡಿಸುತ್ತದೆಂದು ಆ ಪಾಪದವರಿಗೇನು ಗೊತ್ತು?

“ಒಂದೇ ಥರದ್ದು ಇಷ್ಟೊಂದು ಯಾಕ್ರೀ?”

“ಒಂದೇ ಥರಾನಾ? ಸರಿಯಾಗಿ ನೋಡೇ. ಇದಕ್ಕೆ ಮೂರು ಚುಕ್ಕೆ, ಅದಕ್ಕೆ ನಾಲ್ಕು!”

ಇಷ್ಟು ಸ್ಪಷ್ಟವಾದ ಉತ್ತರ ಸಿಕ್ಕ ಮೇಲೂ ಕೆಲವು ಹೆಂಗಸರು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾರಂತೆ. 1840ರ ರೂಪಾಯಿಯ ಎಲೆಹಾರದಲ್ಲಿ ಹಣ್ಣು ಎಷ್ಟಿವೆ ಎಂದು ಎಣಿಸುವವರು ಬೇರೆಯೇ ಇದ್ದಾರೆ, ಅವರ ಮನೆಯ ಸುದ್ದಿ ಬೇಡ.

ಸಾಮಾನ್ಯ ಜನರೂ ಒಮ್ಮೆ ಈ ಎತ್ತರಕ್ಕೆ ಏರಿದ್ದುಂಟು. 1911ರ ರೂಪಾಯಿಯಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆಗೆ ಸೊಂಡಿಲು ಮೋಟಾಗಿ, ಅದು ಹಂದಿಯಂತೆ ಕಂಡಿತು. ಗುಲ್ಲೆದ್ದಿತು. ಸರ್ಕಾರ ಬಹುಪಾಲು ನಾಣ್ಯಗಳನ್ನು ಕರಗಿಸಿ, 1912ರಲ್ಲಿ ಆನೆಯನ್ನು ಆನೆಯಾಗಿಸಿತು. ಜನ ಮರೆತು ತಮ್ಮ ಕೆಲಸ ನೋಡಿಕೊಂಡರು. ಸಂಗ್ರಾಹಕರು ಮರೆಯಲಿಲ್ಲ, ನೆಟ್ಟಗಿರುವ ಆನೆಗಿಂತ ಆ ಹಂದಿಗೇ ಹೆಚ್ಚು ಹಣ ಸುರಿಯುತ್ತಾರೆ. ಕೆಲಸ ಕೆಡಿಸಿದ ಕುಶಲಕರ್ಮಿಗೆ ಇಷ್ಟು ಗೌರವ ಇನ್ಯಾವ ಕ್ಷೇತ್ರದಲ್ಲಿದೆ?

ಅವರ ಕರುಣೆಯೂ ದೊಡ್ಡದು. ಲಂಬಾಣಿ ಅಜ್ಜಿಯ ಕೊರಳಲ್ಲಿ ರಾಣಿ ರೂಪಾಯಿಯ ಸರ ಕಂಡರೆ ಅವರ ಕರುಳು ಚುರ್ ಎನ್ನುತ್ತದೆ. ಅಜ್ಜಿಯ ಬಡತನಕ್ಕಲ್ಲ, ಕೊಂಡಿ ಬೆಸೆದು ನಾಣ್ಯ ಕೆಡಿಸಿದ್ದಕ್ಕೆ.

ಆದ್ದರಿಂದ ಗೃಹಿಣಿಯರಲ್ಲಿ ಒಂದು ವಿನಂತಿ. ವರಮಹಾಲಕ್ಷ್ಮಿ ಕಲಶದ ಮುಂದಿಡುವ ಹಳೆಯ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಫಳಫಳ ಹೊಳೆಯುವಂತೆ ತಿಕ್ಕಿದ ನಾಣ್ಯಕ್ಕೆ ಇವರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುವುದು ಅಪರೂಪ, ಕಪ್ಪಿಗೆ ಕೊಡುತ್ತಾರೆ.